ಯಮುನವ್ವನ ಐದನೇ ಮತ

ಗಡಹಿಂಗ್ಲಜದಿಂದ ಮೂರು ಮೈಲಿ ಆಚೆಯ ಆ ಊರಲ್ಲಿ ದಿಲ್ಲಿಯ ಸರಕಾರ ಬಿದ್ದರೂ ಯಾರೂ ಎಮ್ಮೆ ಹಿಂಡುವುದನ್ನು ನಿಲ್ಲಿಸುವುದಿಲ್ಲ. ಆದರೆ ಮಹಿಳಾ ಹಾಲಿನ ಸೊಸೈಟಿಯ ಅಧ್ಯಕ್ಷರ ಚುನಾವಣೆ ಬಂತೋ, ಒಂದೇ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಡುತ್ತಾರೆ. ನಗಬೇಡಿ, ನಿಮ್ಮೂರಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಈ ಸಲ ಕಟ್ಟೆಯ ಮೇಲೆ, ಬಾವಿಯ ಹತ್ತಿರ, ಬಸ್ಸಿನಲ್ಲಿ ಎಲ್ಲ ಕಡೆ ಒಂದೇ ಮಾತು: ಯಮುನವ್ವ ಎರಡನೇ ಸಲ ಆರಿಸಿ ಬರುತ್ತಾಳೋ ಇಲ್ಲವೋ?

ಯಮುನವ್ವ ಚಂದಗಡದ ಕಡೆಯ ಕುರುಬರ ಮಗಳು. ಹದಿನೇಳಕ್ಕೆ ಮಲ್ಲಾರಿಯ ಹೆಂಡತಿಯಾಗಿ ಬಂದಳು. ಮಲ್ಲಾರಿ ಬೀರದೇವರ ಪೂಜಾರಿ. ಪೂಜಾರಿ ಎಂದರೆ ಗುಡಿಯಲ್ಲಿ ಕೂತಿರುವವನು ಅಂದುಕೊಂಡೀರಿ! ದೀಪಾವಳಿ ಮುಗಿಯಿತೆಂದರೆ ಕುರಿ ಹೊಡೆದುಕೊಂಡು ಜಯಸಿಂಗಪುರದ ಕಡೆ ಹೋಗುತ್ತಾನೆ, ಅಲ್ಲಿಯ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಾನೆ, ಮಳೆ ಹಿಡಿಯುವ ಹೊತ್ತಿಗೆ ವಾಪಸು ಬರುತ್ತಾನೆ. ಅಷ್ಟು ತಿಂಗಳು ಮೂರು ಮಕ್ಕಳು, ನಾಲ್ಕು ಎಮ್ಮೆ, ಜೊತೆಗೆ ದೇವರ ಭಂಡಾರದ ಪೆಟ್ಟಿಗೆ, ಎಲ್ಲ ಯಮುನವ್ವನ ಕೊರಳಿಗೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಐದು ವರ್ಷದ ಹಿಂದೆ ಅಧ್ಯಕ್ಷೆಯಾದ ಮೇಲೆ, ಐವತ್ತರ ಹತ್ತಿರ, ಹೆಸರು ಬರೆಯಲು ಕಲಿತಳು. ಮೊದಮೊದಲು ಅವಳ ಸಹಿ ಮುಗಿಯುವವರೆಗೆ ಇಡೀ ಸಭೆ ಕಾಯುತ್ತಿತ್ತು. "ಸಾವಕಾಶ ಬರೀತೇನಿ. ನಿಮ್ಮ ಎಮ್ಮಿ ಏನ್ ಓಡಿ ಹೋಗಂಗಿಲ್ಲ," ಎಂದು ಅವಳೇ ಗದರುತ್ತಿದ್ದಳು.

ಕೆಲಸದಲ್ಲಿ ಬಲು ಖಡಕ್. ನೀರು ಬೆರೆತ ಹಾಲು ಬಂದರೆ ಎಲ್ಲರೆದುರೇ ಕ್ಯಾನು ವಾಪಸು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹಾಗೆ ಕ್ಯಾನು ವಾಪಸು ಹೋದ ಮನೆಗಳೆಲ್ಲ ಸೇರಿ ಈ ಸಲ ಸಾರಿಕಾಳನ್ನು ಎದುರಿಗೆ ನಿಲ್ಲಿಸಿದವು. ಸಾರಿಕಾ ಇಚಲಕರಂಜಿಯಿಂದ ಬಂದ ಸೊಸೆ, ಡಿಗ್ರಿ ಓದಿದವಳು, ಮಾತಿನಲ್ಲಿ ಬೆಣ್ಣೆ.

ನಿರ್ದೇಶಕಿಯರು ಒಂಬತ್ತು ಮಂದಿ. ತಮ್ಮಲ್ಲೇ ಒಬ್ಬಳನ್ನು ಅವರು ಅಧ್ಯಕ್ಷೆಯಾಗಿ ಆರಿಸಬೇಕು. ಐದು ಮತ ಬಿದ್ದವಳಿಗೆ ಕುರ್ಚಿ. ಯಮುನವ್ವನ ಕಡೆ ಅವಳದೂ ಸೇರಿ ನಾಲ್ಕು, ಸಾರಿಕಾಳ ಕಡೆಯೂ ನಾಲ್ಕು. ಉಳಿದವಳು ಮಂಗಲ, ಮಲ್ಲಾರಿಯ ತಂಗಿ. ಅದೇ ಊರಿಗೆ ಕೊಟ್ಟ ನಾದಿನಿ ಬೇರೆ ಎಲ್ಲಿಗೆ ಹೋದಾಳು? ಯಮುನವ್ವ ಗೆದ್ದಂತೆಯೇ ಎಂದು ಊರು ನಿಶ್ಚಿಂತೆಯಾಗಿತ್ತು.

ಚುನಾವಣೆಯ ಹಿಂದಿನ ದಿನ ಮುಂಜಾನೆ ಯಮುನವ್ವ ಎಮ್ಮೆಗೆ ಹಿಂಡಿ ಇಡುತ್ತಿದ್ದಾಗ ಮಂಗಲ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ವೈನಿ, ನಾ ಕೆಟ್ಟೆ. ಸಾರಿಕಾನ ಮನ್ಯಾಗ ಭಂಡಾರ ಎತ್ತೇನಿ."

ಯಮುನವ್ವನ ಕೈ ಬುಟ್ಟಿಯಲ್ಲೇ ನಿಂತಿತು. "ಯಾವಾಗ?"

"ಶುಕ್ರವಾರ. ಅರಿಷಿಣ ಕುಂಕುಮಕ್ಕ ಕರದಿದ್ಲು. ನಾವು ಐದೂ ಮಂದಿ ಕುಂತಿದ್ವಿ. ಹರಿವಾಣದಾಗ ಭಂಡಾರ ತಂದು ಮುಂದ ಹಿಡದ್ಲು. ವೋಟು ಆಕಿಗಽ ಅಂತ ಎಲ್ಲಾರೂ ಎತ್ತಿದ್ರು. ನಾ ಹ್ಯಾಂಗ ಕೈ ಹಿಂದ ತಗೀಲಿ?"

ಭಂಡಾರ ಎಂದರೆ ಬೀರದೇವರ ಅರಿಶಿನ ಪುಡಿ. ಅದನ್ನು ಬೊಗಸೆಯಲ್ಲಿ ಎತ್ತಿ ಕೊಟ್ಟ ಮಾತನ್ನು ಕುರುಬರು ಮುರಿಯುವುದಿಲ್ಲ. ಮುಂದೆ ಹಿಡಿದಾಗ ಎತ್ತದೇ ಇರುವುದೂ ದೇವರಿಗೆ ಬೆನ್ನು ತೋರಿಸಿದಂತೆ. ಆ ಊರಲ್ಲಿ ಬಿಡುಗಡೆಗೆ ಒಂದೇ ದಾರಿ. ಆಣೆ ಮಾಡಿದವರು ಒಂದು ಹಿಡಿ ಭಂಡಾರ ತಂದು ಒಪ್ಪಿಸಬೇಕು, ಪೂಜಾರಿಯ ಮನೆಯವರು ಅದನ್ನು ಪೆಟ್ಟಿಗೆಗೆ ಹಾಕಿ "ಆಣೆ ಇಳೀತು" ಅನ್ನಬೇಕು.

ಮಂಗಲ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಳದಿ ಪುಡಿ. "ಅಣ್ಣ ಊರಾಗಿಲ್ಲ. ಪೆಟ್ಟಿಗಿ ನಿನ್ನ ಕಡೆ ಐತಿ. ನೀ ಇಳಸು. ನಾಳೆ ನನ್ನ ವೋಟು ನಿನಗಽ."

ಯಮುನವ್ವ ಕೈ ತೊಳೆದು ಒಳಗೆ ಹೋದಳು. ಗೋಡೆಯ ಮಾಡದಲ್ಲಿದ್ದ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದಳು. ನೀವಾಗಿದ್ದರೂ ತೆಗೆಯುತ್ತಿದ್ದಿರಿ. ಒಂದು ಹಿಡಿ ಪುಡಿ, ಎರಡು ಮಾತು, ಇನ್ನೈದು ವರ್ಷ ಕುರ್ಚಿ. ಆದರೆ ಮಂಗಲ ಗಂಟು ಮುಂದೆ ಚಾಚಿದಾಗ ಅವಳಿಗೆ ಕಾಂಚನಳ ನೆನಪಾಯಿತು.

ಸೊಸೈಟಿಯ ಚುನಾವಣೆಗೆ ಭಂಡಾರ ತಂದವಳು ಸಾರಿಕಾ ಅಲ್ಲ, ಯಮುನವ್ವನೇ. ಐದು ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ತನ್ನ ಕಡೆಯವರಿಂದ ಎತ್ತಿಸಿದ್ದಳು. ಎತ್ತಿದವರಲ್ಲಿ ಕಾಂಚನಳೂ ಇದ್ದಳು. ಮರುದಿನವೇ ಕಾಂಚನಳ ಸ್ವಂತ ಅಕ್ಕ ಎದುರು ನಿಂತಳು. ಕಾಂಚನ ಓಡಿ ಬಂದು ಕಾಲು ಹಿಡಿದಳು, ಇಳಿಸ್ರಿ ಎಂದು ಅತ್ತಳು. "ದೇವರ ಮುಂದ ಆಡಿದ್ದು, ಇಳಸಾಕ ಬರಂಗಿಲ್ಲ," ಎಂದಿದ್ದಳು ಯಮುನವ್ವ. ಆ ಒಂದು ಮತದಿಂದಲೇ ಗೆದ್ದಳು. ಆ ಅಕ್ಕ ಇಂದಿಗೂ ತಂಗಿಯ ಮನೆಗೆ ಕಾಲಿಟ್ಟಿಲ್ಲ.

ಯಮುನವ್ವ ಮುಚ್ಚಳ ಹಾಕಿದಳು.

"ಅಂದು ಕಾಂಚನಾಗ ಇಳಸಲಿಲ್ಲ. ಇಂದು ನನ್ನ ಕುರ್ಚಿ ಸಲುವಾಗಿ ನಿನಗ ಇಳಿಸಿದ್ರ, ಇದು ದೇವರ ಪೆಟ್ಟಿಗಿ ಅಲ್ಲ ಮಂಗಲಾ, ನನ್ನ ಸೀರಿ ಇಡೂ ಟ್ರಂಕ್ ಆಕ್ಕೈತಿ."

"ವೋಟು ಚೀಟಿ ಮ್ಯಾಲ ಐತಿ, ವೈನಿ. ಯಾರಿಗೂ ಗೊತ್ತಾಗಂಗಿಲ್ಲ. ಇಳಸದಿದ್ರೂ ನಿನಗಽ ಹಾಕ್ತೇನಿ."

"ಹುಚ್ಚಿ! ನನಗ ಗೊತ್ತಾಕ್ಕೈತಲ್ಲ. ಎತ್ತೀದಿ, ನಡಸು. ಹೋಗು, ಹಾಲಿನ ಹೊತ್ತಾತು."

ಸಂಜೆ ಮಲ್ಲಾರಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಆತನ ಹಿಂದೆ ಕುರಿ ಅರಚುವುದು ಕೇಳಿಸುತ್ತಿತ್ತು. "ಪೆಟ್ಟಿಗಿ ನಿನ್ನ ಕೈಯಾಗೈತಿ. ನಾ ಏನ್ ಹೇಳ್ಲಿ?" ಎಂದ. "ಭಾಳ ಉಪಕಾರ ಆತ್ರಿ," ಎಂದು ಯಮುನವ್ವ ಫೋನ್ ಇಟ್ಟಳು.

ಮರುದಿನ ಕೊಲ್ಲಾಪುರದಿಂದ ಬಂದ ಅಧಿಕಾರಿ ಒಂಬತ್ತು ಚೀಟಿಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಎರಡು ಕಡೆ ಇಟ್ಟರು. ಎಂಟು ಚೀಟಿಗೆ ನಾಲ್ಕು ನಾಲ್ಕಾಯಿತು. ಅಷ್ಟು ನೀತಿ ಹೇಳಿದ ಯಮುನವ್ವನ ಎದೆ ಆ ಹೊತ್ತಿನಲ್ಲಿ ಏನು ಬೇಡುತ್ತಿತ್ತು ಗೊತ್ತೇ? ಮಂಗಲ ಮಾತು ಮುರಿದಿರಲಿ ಎಂದು. ಒಂಬತ್ತನೆಯದು ಸಾರಿಕಾಳ ಹೆಸರಿಗಿತ್ತು.

ಮಂಗಲ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಯಮುನವ್ವ ಎದ್ದು, ತನ್ನ ಗೆಲುವಿಗೆಂದು ತರಿಸಿದ್ದ ಮಾಲೆಯನ್ನು ಸಾರಿಕಾಳ ಕೊರಳಿಗೆ ಹಾಕಿದಳು. ಆಣೆಯ ಸುದ್ದಿ ಮಂಗಲಳ ಬಾಯಿಂದಲೇ ಹೊರಬಿತ್ತು. ಮಧ್ಯಾಹ್ನದೊಳಗೆ ಸೋಲಿಸಿದವರೇ ಯಮುನವ್ವನದು ದೊಡ್ಡ ಮನಸ್ಸು ಎಂದು ಹೊಗಳತೊಡಗಿದರು. ಸೋತವರನ್ನು ಹೊಗಳಲು ಖರ್ಚೇನು?

ಸಂಜೆ ಯಮುನವ್ವ ಎಮ್ಮೆ ಹಿಂಡಲು ಕೂತಿದ್ದಳು. ಕಾಂಚನ ಬಂದು ಕೊಟ್ಟಿಗೆಯ ಕಂಬ ಹಿಡಿದು ನಿಂತಳು.

"ಅಂದು ನನಗ ಇಳಸಲಿಲ್ಲಂತ ಐದು ವರ್ಸ ಶಾಪ ಹಾಕೇನ್ರಿ. ಇವತ್ತು ಮಂಗಲಾ ಹೇಳಿದ್ಲು. ಸಿಟ್ಟು ಹೋತ್ರಿ. ಛಲೋ ಮಾಡಿದ್ರಿ."

"ಛಲೋ ಅನಬ್ಯಾಡ," ಎಂದಳು ಯಮುನವ್ವ. ಹಿಂಡುವ ಕೈ ನಿಂತಿತು. ತಲೆಯನ್ನು ಎಮ್ಮೆಯ ಪಕ್ಕೆಗೆ ಒತ್ತಿದಳು, ಅಳು ತಡೆಯಲಾಗಲಿಲ್ಲ. "ನನಗ ಬೇಕಿತ್ತು ಕಾಂಚನಾ. ಆ ಕುರ್ಚಿ ನನಗ ಭಾಳ ಬೇಕಿತ್ತು. ಆ ಸೊಸೈಟಿ ಕೋಣ್ಯಾಗ ಹೋದ್ರ 'ಕುಂಡ್ರಿ ಬಾಯಾರ' ಅಂತಿದ್ರು. ಮದಿವ್ಯಾಗಿ ಬಂದಾಗಿಂದ ಈ ಊರಾಗ ಯಾರೂ ನನಗ ಕುಂಡ್ರು ಅಂದಿದ್ದಿಲ್ಲ."