ತೊಂಬತ್ತು ಪರ್ಸೆಂಟಿನ ಪರೀಕ್ಷಕ

ನಾನು ಬರೆದ ಪರೀಕ್ಷೆಗಳಲ್ಲಿ ಇದುವರೆಗೆ ಒಂದೂ ಫೇಲಾಗಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಫೇಲಾಗಲು ಸಾಧ್ಯವೇ ಇಲ್ಲದಂತೆ ಬರೆದಿದ್ದೇನೆ.

ಹೆಬ್ಬಾಳದ ಕಡೆ ನಮ್ಮ ಆಫೀಸು. ಕೆಲಸ ಕಂಟೇನರ್‌ಗಳದ್ದು ಎಂದರೆ, ಗೊರಗುಂಟೆಪಾಳ್ಯದಲ್ಲಿ ಲಾರಿ ಮೇಲೆ ಕೂತು ದಾರಿ ಕಟ್ಟುವ ಕಬ್ಬಿಣದ ಪೆಟ್ಟಿಗೆಯೆಂದೇ ನಮ್ಮ ಮಾವನವರು ಇವತ್ತಿಗೂ ತಿಳಿದಿದ್ದಾರೆ. ಅದಲ್ಲ. ಒಂದು ಪ್ರೋಗ್ರಾಮನ್ನು ಅದಕ್ಕೆ ಬೇಕಾದ ಸಾಮಾನಿನ ಸಮೇತ ಕಟ್ಟಿದ ಗಂಟು ಅದು. ಇಂಥ ಸಾವಿರಾರು ಗಂಟುಗಳಲ್ಲಿ ಯಾವುದು ಯಾವ ಯಂತ್ರದಲ್ಲಿ ಓಡಬೇಕು, ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ನೋಡಿಕೊಳ್ಳುವ ಮೇಸ್ತ್ರಿ ನಮ್ಮ ತಂತ್ರಾಂಶ. ಹತ್ತಾರು ಕೈ ಆಡಿದ ಕೋಡು. ಕೊಡಿಗೇಹಳ್ಳಿಯ ಹಳೇ ಮನೆಗಳ ಮೇಲೆ ಮಹಡಿ ಏರಿಸಿದಂತೆ ಏರಿಸಿದ್ದಾರೆ, ಯಾವ ಗೋಡೆ ಭಾರ ಹೊತ್ತಿದೆಯೋ ಕಟ್ಟಿದವರಿಗೂ ಗೊತ್ತಿಲ್ಲ. ಅದನ್ನು ಕೆಡದಂತೆ ಒಪ್ಪ ಮಾಡಬೇಕು, ಅಂದರೆ ರಿಫ್ಯಾಕ್ಟರಿಂಗ್. ಅದಕ್ಕೂ ಮೊದಲು, ಕೋಡು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವ ಪುಟ್ಟ ಪ್ರೋಗ್ರಾಮುಗಳನ್ನು, ಅಂದರೆ ಪರೀಕ್ಷೆಗಳನ್ನು ಬರೆದುಕೊಳ್ಳಬೇಕು ಎಂದು ಅಪ್ಪಣೆಯಾಯಿತು.

"ಕವರೇಜ್ ತೊಂಬತ್ತು ಪರ್ಸೆಂಟ್ ಆಗ್ಬೇಕು ಗುರು, ಅಷ್ಟೇ," ಎಂದ ಮ್ಯಾನೇಜರ್ ಹರೀಶ್.

ಕವರೇಜ್ ಅಂದರೆ ನಮ್ಮ ಪರೀಕ್ಷೆಗಳು ಕೋಡಿನ ಎಷ್ಟು ಸಾಲುಗಳನ್ನು ಓಡಿಸಿದವು ಎಂಬ ಲೆಕ್ಕ. ಓಡಿದ್ದು ಸರಿಯೋ ತಪ್ಪೋ ಆ ಲೆಕ್ಕಕ್ಕೆ ಬೇಕಿಲ್ಲ. ಪರೀಕ್ಷೆ ಎಂಬ ಮಾತಿಗೆ ಸಂಸ್ಕೃತದಲ್ಲಿ ಸುತ್ತಲೂ ನೋಡುವುದು ಎಂದರ್ಥವಂತೆ. ನಾನು ಸುತ್ತುವುದನ್ನಷ್ಟೇ ಉಳಿಸಿಕೊಂಡೆ. ಹಾಜರಿ ಕೂಗಿ, ಪಾಠ ಒಪ್ಪಿಸಿಕೊಳ್ಳದೆ ಮನೆಗೆ ಹೋಗುವ ಮೇಷ್ಟ್ರಂತೆ ಎಲ್ಲ ಸಾಲುಗಳನ್ನೂ ಕರೆದೆ, ಯಾವುದನ್ನೂ ಏನೂ ಕೇಳಲಿಲ್ಲ. ಮೂರು ವಾರದಲ್ಲಿ ತೊಂಬತ್ತೆರಡು! ಪರದೆ ತುಂಬ ಪಾಸಾದ ಹಸಿರು. ಟೀಮಿನವರೆಲ್ಲ ಚಪ್ಪಾಳೆ ತಟ್ಟಿದರು, ನಾಚಿಕೆಗೆಟ್ಟ ನಾನು ಎದ್ದು ನಿಂತು ಕೈಮುಗಿದೆ.

ಪಕ್ಕದ ಸೀಟಿನ ಸುವರ್ಣಾ ಮೇಡಂ ಗದಗಿನವರು. ಕಂಟೇನರ್ ನಿಲ್ಲಿಸುವ ಭಾಗವೊಂದನ್ನೇ ಹಿಡಿದು ಕೂತಿದ್ದರು. ನನ್ನ ಪರೀಕ್ಷೆಗಳನ್ನು ನೋಡಿ, "ಏನ್ರೀ ಇದು, ಬರೇ ಕರದು ಬಿಟ್ರ ಪರೀಕ್ಷಾ ಆತೇನ್ರಿ? ಉತ್ತರ ಕೇಳಬೇಕಲ್ರಿ!" ಎಂದರು.

ಅವರು ತಮ್ಮ ಪರೀಕ್ಷೆಗಳಲ್ಲಿ ಉತ್ತರ ಕೇಳಿದರು. ಕೆಲಸ ಮುಗಿಯುವ ಮೊದಲೇ ಕೆಲವು ಗಂಟುಗಳನ್ನು ನಮ್ಮ ಮೇಸ್ತ್ರಿ ಸಾಯಿಸುತ್ತಿದ್ದಾನೆಂದು ಗೊತ್ತಾಯಿತು. ಅವರ ಮೂರು ಪರೀಕ್ಷೆಗಳು ಫೇಲಾಗಿ ಕೆಂಪಗೆ ನಿಂತವು, ಕವರೇಜ್ ನಲವತ್ತು ದಾಟಲಿಲ್ಲ. ತಪ್ಪು ಹಿಡಿದವರ ಪರದೆ ಕೆಂಪು, ಮುಚ್ಚಿಟ್ಟವನದು ಹಸಿರು. ಥೂ, ಇದೆಂಥ ನ್ಯಾಯ ಸ್ವಾಮಿ!

ಅಷ್ಟರಲ್ಲಿ ಟೀಮಿನಿಂದ ಒಬ್ಬರನ್ನು ಮನೆಗೆ ಕಳಿಸುತ್ತಾರೆಂದು ಸುದ್ದಿ ಹಬ್ಬಿತು. ಹರೀಶ್ ನನ್ನನ್ನು ಒಳಗೆ ಕರೆದ.

"ಸುವರ್ಣಾ ಸ್ವಲ್ಪ ಸ್ಲೋ ಅಲ್ವಾ ಗುರು?"

ಅವರು ಹಿಡಿದ ತಪ್ಪು ಎಂಥದೆಂದು ಬಿಡಿಸಿ ಹೇಳಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಆದರೆ ಅದೇ ತಪ್ಪು ನನ್ನ ತೊಂಬತ್ತೆರಡರ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತಿತ್ತು.

"ಸ್ವಲ್ಪ ನಿಧಾನಾನೇ," ಎಂದೆ.

ತಮ್ಮ ಕೆಲಸದ ಕೊನೆಯ ದಿನ ಸುವರ್ಣಾ ಮೇಡಂ ಆಫೀಸಿನ ಎದುರಿನ ಟೀ ಅಂಗಡಿಯಲ್ಲಿ ಸಿಕ್ಕರು. "ನನ್ನ ಬಗ್ಗೆ ನಿಮ್ಮನ್ನೇನರ ಕೇಳಿದ್ರೇನ್ರಿ?"

"ಕೇಳಿದ್ರು. ತುಂಬಾ ಚೆನ್ನಾಗಿ ಕೆಲ್ಸ ಮಾಡ್ತಾರೆ ಅಂದೆ."

"ನೀವೊಬ್ರರ ಅಂದ್ರಲ್ರಿ, ಅಷ್ಟ ಸಾಕು," ಎಂದು ಕೈಯಲ್ಲಿದ್ದ ಬನ್ನು ಮುರಿದು ಅರ್ಧ ನನಗೆ ಕೊಟ್ಟರು.

ಎರಡು ಸಾಲಿನ ಕೋಡನ್ನೂ ಮೂರು ಸಲ ಪ್ರಶ್ನಿಸದೆ ಬಿಡದವರು, ನನ್ನ ಮಾತನ್ನು ಮಾತ್ರ ಒಂದೇ ಸಲಕ್ಕೆ ನಂಬಿಬಿಟ್ಟರು.