ನಿಡೋಣಿಯವನು ನಿಂತ ಜಾಗ

ಹೋದ ತಿಂಗಳು ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದಕ್ಕೆ ಗಾಡಿ ರಿಪೇರಿಗೆ ಕೊಟ್ಟು ಹೊರಗೆ ಕುಳಿತಿದ್ದೆ. ಕಣಿಕೆ ಹೇರಿದ ಟ್ರ್ಯಾಕ್ಟರೊಂದು ಗಾಲಿಗೆ ಗಾಳಿ ಹಾಕಿಸಲು ಬಂದು ನಿಂತಿತು. ಮೇವು ಉದುರದಿರಲೆಂದು ಟ್ರೇಲಿಯ ಮೇಲೆ ಬಲೆಯೊಂದನ್ನು ಎಳೆದು ಕಟ್ಟಿದ್ದರು. ನೋಡಿದ ಕೂಡಲೇ ಗುರುತು ಹತ್ತಿತು. ಅದು ಫುಟ್‌ಬಾಲ್ ಗೋಲಿನ ಬಲೆ. ಹರಿದಲ್ಲೆಲ್ಲ ನೀಲಿ ನೈಲಾನ್ ಹುರಿಯ ಗಂಟುಗಳಿದ್ದವು. ಆ ಗಂಟು ಹಾಕಿದವನು ನಾನೇ.

ಎಲ್ಲಿ ಸಿಕ್ಕಿತೆಂದು ಡ್ರೈವರನನ್ನು ಕೇಳಿದೆ. "ಗುಜರಿ ಅಂಗಡ್ಯಾಗ ಬಿದ್ದಿತ್ರಿ," ಅಂದ.

ಬಲೆ ನೋಡಿ ನನಗೆ ನಮ್ಮ ಕ್ಲಬ್ಬು ನೆನಪಾಗಬೇಕಿತ್ತು. ನೆನಪಾದವನು ನಿಡೋಣಿಯವನು. ಸತ್ತವರನ್ನು ಆಡಿಕೊಳ್ಳಬಾರದು ಎನ್ನುತ್ತಾರೆ. ಅವನು ಸತ್ತು ವರ್ಷವಾಗುತ್ತ ಬಂತು. ಇಷ್ಟು ದಿನ ಸುಮ್ಮನಿದ್ದದ್ದು ಸಾಕು.

ಕ್ಲಬ್ಬಿಗೂ ಮೊದಲಿನ ಮಾತು. ಆಗ ನಾನು ತಿಕೋಟಾದ ಊರ ತಂಡದ ಗೋಲ್‌ಕೀಪರ್, ಅವನು ನಿಡೋಣಿ ತಂಡದವನು. ಬಬಲೇಶ್ವರದಲ್ಲಿ ನಡೆದ ಒಂದು ಟೂರ್ನಮೆಂಟಿನಲ್ಲಿ ನಮಗೂ ಅವರಿಗೂ ಆಟ ಬಿತ್ತು. ಮೂಲೆಯಿಂದ ಒದ್ದ ಚೆಂಡು ಎತ್ತರಕ್ಕೆ ಬಂತು. ಹಿಡಿಯಲು ನಾನು ಎರಡೂ ಕೈ ಚಾಚಿ ಹಾರಿದೆ. ಓಡಿ ಬಂದ ಅವನ ಕಣ್ಣು ಚೆಂಡಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಇದನ್ನು ನಾನು ಇವತ್ತಿಗೂ ಆಣೆಯಿಟ್ಟು ಹೇಳುತ್ತೇನೆ. ಅವನ ಮೊಣಕಾಲು ನನ್ನ ಎಡ ಹೆಗಲಿಗೆ ಬಡಿಯಿತು. ಬಿದ್ದಾಗ ಒಳಗೆ ಏನೋ ಲಟಕ್ಕೆಂದದ್ದು ನನ್ನ ಕಿವಿಗೇ ಕೇಳಿಸಿತು.

ಎರಡೂ ತಂಡದವರು ಓಡಿ ಬಂದು ಸುತ್ತುವರಿದರು. ಅವನು ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತಿದ್ದ. ನಮ್ಮವರು ಅವನ ಮೇಲೆ ಏರಿ ಹೋದಾಗ, "ಆಟದಾಗ ಆಗೂದ ಇದು," ಅಂದ. ಅಷ್ಟೇ.

ಅಪ್ಪ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಿಜಾಪುರದ ಆಸ್ಪತ್ರೆಗೆ ಕರೆದೊಯ್ದ. ಎಲುಬು ಕೂಡಿತು. ಆದರೆ ಆಮೇಲೆ ಎಡಗೈ ಕಿವಿಯಿಂದ ಮೇಲೆ ಏಳಲೇ ಇಲ್ಲ. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಅಪ್ಪನಿಗೂ. ಅಂಗಿ ತೊಡುವಾಗ ಮೊದಲು ಎಡಗೈ ತೂರಿಸಿ ಆಮೇಲೆ ಬಲಗೈ ಎತ್ತುವುದನ್ನು ರೂಢಿ ಮಾಡಿಕೊಂಡೆ. ಚೆಂಡು ಎಡಕ್ಕೆ ಬಂದರೆ ಅರ್ಧ ಹೆಜ್ಜೆ ಮೊದಲೇ ಸರಿದು ಬಲಗೈಯಿಂದ ತಟ್ಟುವುದನ್ನೂ ಕಲಿತೆ. ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡಿದ್ದೆ...

ಅದೇ ಹೊತ್ತಿಗೆ ಸೊಲ್ಲಾಪುರ ರಸ್ತೆಯಲ್ಲಿ ಪೈಪು, ಪಂಪಸೆಟ್ಟಿನ ದೊಡ್ಡ ಅಂಗಡಿಯಿದ್ದ ಸಾಹುಕಾರರೊಬ್ಬರಿಗೆ ಫುಟ್‌ಬಾಲ್ ಹುಚ್ಚು ಹತ್ತಿತು. ಚಿಕ್ಕಂದಿನಲ್ಲಿ ಅವರು ಕೊಲ್ಲಾಪುರದ ಮಾವನ ಮನೆಯಲ್ಲಿ ಓದಿದವರು. "ಕೊಲ್ಲಾಪುರದಾಗ ಪೇಟೆಗೊಂದ ಟೀಮ್ ಅದಾವ. ನಮ್ಮ ಜಿಲ್ಲಾಕ್ಕ ಒಂದ ಬ್ಯಾಡೇನ?" ಎನ್ನುತ್ತಿದ್ದರು. ರಾಜ್ಯದ ಲೀಗಿನಲ್ಲಿ ಎಲ್ಲಕ್ಕಿಂತ ಕೆಳಗಿನ ದರ್ಜೆಗೆ ಹೆಸರು ಹಚ್ಚಿದರು. ಆಡುವವರಿಗೆ ತಿಂಗಳ ಪಗಾರ ಎಂದರು. ಚೆಂಡು ಒದ್ದರೆ ಪಗಾರ ಬರುತ್ತದೆ ಎಂಬುದನ್ನು ನಮ್ಮ ಕಡೆಯವರು ಅದೇ ಮೊದಲು ಕೇಳಿದ್ದು.

ಆಯ್ಕೆಯಾದವರನ್ನು ಅಂಗಡಿಯ ಹಿಂದಿನ ಗೋದಾಮಿಗೆ ಕರೆದಿದ್ದರು. ಒಳಗೆ ಹೋದರೆ ಪೈಪಿನ ರಾಶಿಯ ಮೇಲೆ ನಿಡೋಣಿಯವನು ಕುಳಿತಿದ್ದ. ಅವನು ಸ್ಟಾಪರ್ ಅಂತೆ. ಅಂದರೆ ಗೋಲ್‌ಕೀಪರನ ನೇರ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು. ನನ್ನ ಎಲುಬು ಮುರಿದವನ ಬೆನ್ನು ನೋಡುತ್ತ ನಾನು ಆಡಬೇಕಿತ್ತು.

"ಇಂವ ಇದ್ರ ನಾ ಇರಂಗಿಲ್ರಿ," ಅಂದೆ.

"ನಾನೇನ ಇವನ ಮಾರಿ ನೋಡಾಕ ಬಂದಿಲ್ರಿ," ಅಂದ ಅವನು.

ಸಾಹುಕಾರರು ಚಹಾ ಕುಡಿಯುತ್ತಿದ್ದರು. "ಮಾತಾಡಬ್ಯಾಡ್ರಿ," ಅಂದರು. "ಜೀವ ಇರೂತನಾ ಮಾತಾಡಬ್ಯಾಡ್ರಿ, ನಂದೇನೂ ಹೋಗೂದಿಲ್ಲ. ಗೋಲ್ ಅಷ್ಟ ಬಿಡಬ್ಯಾಡ್ರಿ."

ನಾವು ಆ ಮಾತು ನಡೆಸಿಕೊಟ್ಟೆವು. ಕ್ಲಬ್ಬು ಮೂರು ಸೀಸನ್ ಬದುಕಿತು. ಅಷ್ಟೂ ದಿನ ನಮ್ಮಿಬ್ಬರ ನಡುವೆ ಇದ್ದದ್ದು ಎರಡೇ ಮಾತು, ಅದೂ ಆಟದೊಳಗೆ. ಚೆಂಡು ನಾನು ಹಿಡಿಯುವುದಿದ್ದರೆ "ನಂದು" ಎಂದು ಕೂಗುತ್ತಿದ್ದೆ. ಅವನು ಒದೆಯುವುದಿದ್ದರೆ "ಬಿಡು" ಎನ್ನುತ್ತಿದ್ದ. ಊಟದಲ್ಲಿ ಅವನು ಒಂದು ಸಾಲು, ನಾನು ಇನ್ನೊಂದು. ಹೊರಗಿನ ಊರಿಗೆ ಹೋಗುವಾಗ ಬಸ್ಸಿನಲ್ಲಿ ಅವನು ಮುಂದೆ, ನಾನು ಹಿಂದೆ. ಒಮ್ಮೆ ಅವನು ನಿದ್ದೆ ಹೋಗಿದ್ದಾಗ ಅವನ ಒಂದು ಚಪ್ಪಲಿಯನ್ನು ಕಿಟಕಿಯಿಂದ ಎಸೆದೆ. ಅವನು ಯಾರನ್ನೂ ಕೇಳಲಿಲ್ಲ, ಬರಿಗಾಲಲ್ಲೇ ಇಳಿದುಹೋದ. ಮರುದಿನ ನನ್ನ ಒಂದು ಗ್ಲೌಸ್ ಇರಲಿಲ್ಲ. ನಾನೂ ಕೇಳಲಿಲ್ಲ.

ಆಟದಲ್ಲೂ ಅವನ ಸೊಕ್ಕು ಕಡಿಮೆಯಿರಲಿಲ್ಲ. ನಾನು "ನಂದು" ಎಂದು ಕೂಗಿದ ಮೇಲೂ ಎಷ್ಟೋ ಸಲ ನನ್ನ ಮುಂದೆ ಹಾರಿ ಚೆಂಡಿಗೆ ತಲೆ ಕೊಡುತ್ತಿದ್ದ. ನನಗೆ ಮೈ ಉರಿಯುತ್ತಿತ್ತು. ನನ್ನನ್ನು ಎಲ್ಲರೆದುರು ಕೆಲಸಕ್ಕೆ ಬಾರದವನೆಂದು ತೋರಿಸಲಿಕ್ಕೇ ಹೀಗೆ ಮಾಡುತ್ತಾನೆ ಎಂದು ಕೋಚ್ ಹತ್ತಿರ ದೂರು ಕೊಟ್ಟೆ. ಕೋಚ್, "ಗೋಲ್ ಆಗವಲ್ದಲ್ಲ, ಸುಮ್ನಿರು," ಅಂದರು.

ಗೋಲು ಆಗುವುದು ಕಡಿಮೆಯಾಗಿತ್ತು, ಅದು ಖರೆ. ಮೊದಲ ಸೀಸನ್ನಿನಲ್ಲಿ ಎಲ್ಲರ ಕೈಲೂ ಹೊಡೆತ ತಿಂದ ನಾವು ಎರಡನೆಯದರಲ್ಲಿ ನೆಟ್ಟಗೆ ನಿಂತೆವು. ನಮ್ಮ ಮೈದಾನ ಊರ ಹೊರಗಿನ ಬಯಲು, ಕಾಂಪೌಂಡ್ ಇರಲಿಲ್ಲ. ಆಟವಿದ್ದ ದಿನ ಸಾರವಾಡದಿಂದ ಜನ ಟ್ರ್ಯಾಕ್ಟರಿನಲ್ಲಿ ಬಂದು ಟ್ರೇಲಿಯ ಮೇಲೇ ನಿಂತು ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿದು ಚಹಾ ಕುಡಿಸುವವರಿದ್ದರು. ಮೂರನೆಯ ಸೀಸನ್ನಿನ ಕೊನೆಯ ಆಟ ನಮ್ಮಲ್ಲೇ ಇತ್ತು. ಸೋಲದಿದ್ದರೆ ಸಾಕು, ಮೇಲಿನ ದರ್ಜೆಗೆ ಏರುತ್ತಿದ್ದೆವು.

ಮಧ್ಯಂತರದ ನಂತರವೂ ಗೋಲಿರಲಿಲ್ಲ. ಆಗ ಅವರ ಮುಂದಾಳೊಬ್ಬ ನನ್ನ ಎಡಗಡೆಯಿಂದ ಒಳನುಗ್ಗಿದ. ನಿಡೋಣಿಯವನು ಹಿಂದೆ ಬಿದ್ದು, ಪೆನಾಲ್ಟಿ ಗೆರೆ ದಾಟುವ ಮೊದಲೇ ಅವನ ಕಾಲಿಗೇ ಒದ್ದು ಕೆಡವಿದ. ರೆಫ್ರಿ ಕೆಂಪು ಕಾರ್ಡ್ ತೆಗೆದು ಅವನನ್ನು ಹೊರಗೆ ಹಾಕಿದ. ನನ್ನ ಮುಂದಿನ ಜಾಗ ಖಾಲಿಯಾಯಿತು. ನನಗೆ ಒಳಗೊಳಗೇ ಖುಷಿಯಾಯಿತು. ಇನ್ನಾದರೂ ನನ್ನ ಚೆಂಡು ನನಗೆ ಸಿಗುತ್ತದೆ ಎಂದುಕೊಂಡೆ.

ಸಿಕ್ಕಿತು. ಸ್ವಲ್ಪ ಹೊತ್ತಿಗೇ ಎಡಗಡೆಯಿಂದ ಎತ್ತರಕ್ಕೊಂದು ಚೆಂಡು ಬಂತು. ಗಟ್ಟಿ ಹೊಡೆತವೇನೂ ಅಲ್ಲ, ಯಾವ ಕೀಪರನೂ ಹಿಡಿಯಬಲ್ಲ ಚೆಂಡು. ಅರ್ಧ ಹೆಜ್ಜೆ ಸರಿಯಲು ನನಗೆ ಸಮಯ ಸಾಲಲಿಲ್ಲ. ಎಡಗೈ ಎತ್ತಿದೆ. ಅದು ಕಿವಿಯ ಹತ್ತಿರ ನಿಂತಿತು. ಚೆಂಡು ಬೆರಳ ಮೇಲಿಂದ ದಾಟಿ ಬಲೆ ಸೇರಿತು.

ಬಿದ್ದಲ್ಲಿಂದ ತಲೆಯೆತ್ತಿ ನೋಡಿದೆ. ಗೆರೆಯ ಹೊರಗೆ ನಿಡೋಣಿಯವನು ನಿಂತಿದ್ದ. ಜನರೆಲ್ಲ ನನ್ನನ್ನು ಬಯ್ಯುತ್ತಿದ್ದರು. ಅವನೊಬ್ಬ ಬಯ್ಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಅವನ ಮುಖ ನೋಡಿದಾಗ ನನಗೆ ತಿಳಿಯಿತು. ಮೂರು ಸೀಸನ್ನಿನಲ್ಲಿ ಆ ಮೂಲೆಗೆ ಅಂಥ ಒಂದು ಚೆಂಡೂ ಬಂದಿರಲಿಲ್ಲ. ಬರಲು ಅವನು ಬಿಟ್ಟಿರಲಿಲ್ಲ. ನಾನು ಕೂಗಿದ ಮೇಲೂ ಅವನು ಹಾರುತ್ತಿದ್ದದ್ದು ಯಾವಾಗಲೂ ನನ್ನ ಎಡಕ್ಕೇ.

ಆಗ ನನಗೆ ಕೃತಜ್ಞತೆ ಹುಟ್ಟಿತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹುಟ್ಟಲಿಲ್ಲ. ಸಿಟ್ಟು ದುಪ್ಪಟ್ಟಾಯಿತು. ಮನೆಗೆ ಕನ್ನ ಹಾಕಿದವನೇ ಬಂದು ಬಾಗಿಲು ಕಾದರೆ ಅವನಿಗೆ ಕೈ ಮುಗಿಯಬೇಕೇ? ನನ್ನ ಮುಚ್ಚಿಟ್ಟ ಗುಟ್ಟು ಇಷ್ಟು ದಿನ ಅವನ ಕೈಯಲ್ಲಿತ್ತು ಎಂಬುದೇ ನನಗೆ ತಡೆಯಲಾಗಲಿಲ್ಲ.

ಆ ಒಂದೇ ಗೋಲಿಗೆ ಸೋತೆವು, ಮೇಲಿನ ದರ್ಜೆ ಕೈತಪ್ಪಿತು. ಆ ಮಳೆಗಾಲದಲ್ಲಿ ಸಾಹುಕಾರರ ಅಣ್ಣತಮ್ಮಂದಿರು ಬೇರೆಯಾದರು. ಅಂಗಡಿ ಒಬ್ಬರಿಗೆ, ಗೋದಾಮು ಒಬ್ಬರಿಗೆ, ಲಾರಿಗಳು ಒಬ್ಬರಿಗೆ. ಪಾಲಿನಲ್ಲಿ ಕ್ಲಬ್ಬನ್ನು ಯಾರೂ ಕೇಳಲಿಲ್ಲ. ಮುಂದಿನ ಸೀಸನ್ನಿಗೆ ಹೆಸರು ಹಚ್ಚಲಿಲ್ಲ, ಅಲ್ಲಿಗೆ ಮುಗಿಯಿತು.

ಆದರೂ ಬೆಂಗಳೂರಿನ ಒಂದು ದೊಡ್ಡ ಕ್ಲಬ್ಬಿನವರು ನಮ್ಮಲ್ಲಿ ಇಬ್ಬರ ಮೇಲೆ ಕಣ್ಣಿಟ್ಟಿದ್ದರು. ಸ್ಟಾಪರ್ ಮತ್ತು ಕೀಪರ್. ನನಗೆ ಬರಲು ಹೇಳಿದರು. ಅಮ್ಮ ಹಾಸಿಗೆ ಸುತ್ತಿಟ್ಟಿದ್ದಳು. ಹೊರಡುವ ಮುನ್ನಾ ದಿನ ಫೋನ್ ಬಂತು. ಬೇಡ ಎಂದರು. ಯಾಕೆಂದು ಒತ್ತಿ ಕೇಳಿದಾಗ, ನಿಮ್ಮ ಹೆಗಲಿನ ವಿಷಯ ನಿಮ್ಮ ಸ್ಟಾಪರೇ ಹೇಳಿದರು ಎಂದರು.

ಗಾಡಿ ಹತ್ತಿ ನೇರ ನಿಡೋಣಿಗೆ ಹೋದೆ. ಅವನು ಹೊಲದಲ್ಲಿ ಉಳ್ಳಾಗಡ್ಡಿಗೆ ನೀರು ಹಾಯಿಸುತ್ತಿದ್ದ. ನನ್ನನ್ನು ಕಂಡು ಸಲಿಕೆ ಬದುವಿನ ಮೇಲಿಟ್ಟ. ಬರುತ್ತೇನೆಂದು ಗೊತ್ತಿದ್ದವನಂತೆ.

"ಯಾಕ ಹೇಳಿದ್ಯೋ?" ಅಂದೆ. ಅವನು ಉತ್ತರ ಕೊಡುವ ಮೊದಲೇ ಕೆನ್ನೆಗೆ ಬಾರಿಸಿದೆ. ಅವನು ತಿರುಗಿ ಬಾರಿಸಿದ. ನೀರು ಹಾಯಿಸಿದ ಮಡಿಯಲ್ಲಿ ಇಬ್ಬರೂ ಹೊರಳಾಡಿದೆವು. ಕೊನೆಗೆ ಅವನು ನನ್ನ ಎದೆಯ ಮೇಲೆ ಕುಳಿತು ಎಡಗೈ ಮಣಿಕಟ್ಟು ಹಿಡಿದ.

"ಎತ್ತ ನೋಡೂನು," ಅಂದ. "ಮ್ಯಾಲ ಎತ್ತ. ಎತ್ತಿದರ ಈಗ ಫೋನ್ ಮಾಡಿ ನಾ ಸುಳ್ಳ ಹೇಳೇನಿ ಅಂತೀನಿ."

ನಾನು ಎತ್ತಲು ನೋಡಿದೆ. ಕಿವಿಯ ಹತ್ತಿರ ಬಂದು ನಿಂತಿತು.

"ಅದನ್ನ ಮುರದಾಂವ ನೀನ," ಅಂದೆ.

"ಹೌದು, ನಾನ," ಅಂದ. ಆಮೇಲೆ ಕೈ ಬಿಟ್ಟು ಎದ್ದ. "ಅಲ್ಲಿ ನಿನ್ನ ಎಡಕ್ಕ ನಾ ನಿಂದ್ರಂಗಿಲ್ಲ. ಬ್ಯಾರೇನ ಆಟ ಆಡಿಸ್ತಾರ ಅಲ್ಲಿ. ಒಂದ ತಿಂಗಳದಾಗ ನಿನ್ನ ಹೊರಗ ಹಾಕ್ತಿದ್ರು, ಮಂದಿ ಮುಂದ."

"ಹಾಕಲಿ. ಹೋಗೂದೋ ಬಿಡೂದೋ, ಅದು ನಂದು. ಹೇಳಾಕ ನೀ ಯಾರು?"

ಅವನು ಸಲಿಕೆ ತೆಗೆದುಕೊಂಡು ಒಡೆದ ಮಡಿಗೆ ಮಣ್ಣು ಹಾಕತೊಡಗಿದ. ಅಷ್ಟರಲ್ಲಿ ಅವನ ಹೆಂಡತಿ ಮನೆಯ ಕಡೆಯಿಂದ ಓಡಿ ಬಂದಳು. "ಎಮ್ಮಿ ಹೊರಳಿದಂಗ ಹೊರಳಿ ಮಡಿ ಎಲ್ಲಾ ಹಾಳ ಮಾಡಿದ್ರಲ್ರಿ," ಎಂದು ಇಬ್ಬರಿಗೂ ಬೈದಳು. ನಾನು ಕೆಸರು ಮೈಯಲ್ಲೇ ತಿಕೋಟಾಕ್ಕೆ ವಾಪಸ್ಸು ಬಂದೆ.

ಬೆಂಗಳೂರಿಗೆ ಅವನೊಬ್ಬನೇ ಹೋದ. ಒಂದು ಸೀಸನ್ ಹೊರಗೆ ಬೆಂಚಿನ ಮೇಲೆ ಕೂರಿಸಿ ಕಳಿಸಿದರಂತೆ. ಸುದ್ದಿ ಕೇಳಿ ಆ ದಿನ ನಾನು ಹೊಟ್ಟೆ ತುಂಬ ಉಂಡೆ. ಮುಂದೆ ನನಗೆ ಸಾಹುಕಾರರ ಪಾಲಿಗೆ ಬಂದ ಅಂಗಡಿಯಲ್ಲೇ ಕೆಲಸ ಸಿಕ್ಕಿತು. ಈಗಲೂ ಅಲ್ಲೇ ಇದ್ದೇನೆ. ಅವನು ಒಮ್ಮೆ ಪೈಪು ಕೊಳ್ಳಲು ಬಂದ. ನಾನು ಒಳಗೆ ಹೋಗಿ ಬೇರೊಬ್ಬನನ್ನು ಕಳಿಸಿದೆ. ಬಬಲೇಶ್ವರದ ಬಸ್ಸಿನಲ್ಲಿ ಎದುರಾದರೆ ಅವನು ಕಿಟಕಿ ನೋಡುತ್ತಿದ್ದ, ನಾನು ಕಂಡಕ್ಟರನನ್ನು. ಹೀಗೇ ವರ್ಷಗಳು ಹೋದವು...

ಹೋದ ವರ್ಷ ಸಾರವಾಡದ ಸಂತೆಯಿಂದ ಬರುವಾಗ ಎದೆ ಹಿಡಿದುಕೊಂಡು ಕುಸಿದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿದ್ದ. ನಾನು ಮಣ್ಣಿಗೆ ಹೋಗಲಿಲ್ಲ. ಆಮೇಲೆ ಒಂದು ದಿನ ಯಾಕೋ ಗಾಡಿ ನಿಡೋಣಿಯ ಕಡೆ ತಿರುಗಿತು. ಪಡಸಾಲೆಯಲ್ಲಿ ಕುಳಿತಿದ್ದ ಅವನ ಹೆಂಡತಿ ನನ್ನನ್ನು ನೋಡಿ ಎದ್ದು ನಿಂತಳು.

"ಉಳ್ಳಾಗಡ್ಡಿ ಮಡ್ಯಾಗ ಬಡದಾಡಿದವ್ರ ನೀವ ಅಲ್ರೀ?" ಅಂದಳು.

ಹೌದೆಂದೆ.

"ನಿಮ್ಮನ್ನ ಭಾಳ ಬೈತಿದ್ರು."

"ಏನಂತ್ರೀ?"

"ಕೈ ಒಂದ, ಸೊಕ್ಕ ಎರಡ ಕೈಯಾಂವಂದು ಅಂತ. ಟಿವ್ಯಾಗ ಆಟ ನೋಡೂವಾಗೆಲ್ಲಾ ನಿಮ್ಮ ಸುದ್ದಿ ತಗೀತಿದ್ರು. ಕೊನೀತನಾ ಬಿಡಲಿಲ್ಲ."

ಚಹಾ ಕೊಟ್ಟಳು, ಕುಡಿದೆ. ಹೊರಬರುವಾಗ ನನಗೆ ನಾಚಿಕೆಯಾಗುವಂಥ ಒಂದು ಸಮಾಧಾನವಿತ್ತು. ಅವನೂ ಮರೆತಿರಲಿಲ್ಲ. ಗಾಡಿಯ ಹತ್ತಿರ ಬಂದು ಕಿಕ್ ಹೊಡೆಯಲಾಗದೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ನಾನು ಅವನನ್ನು ಕ್ಷಮಿಸಿಲ್ಲ. ಕ್ಷಮಿಸಬೇಕೆಂದು ಅವನು ಕೇಳಿಯೂ ಇರಲಿಲ್ಲ. ನಾವು ಆಡಿದ ಬಯಲಿನಲ್ಲಿ ಈಗ ಪ್ಲಾಟುಗಳಾಗಿವೆ. ಸಾಹುಕಾರರು ವಯಸ್ಸಾಗಿ ಯಾರನ್ನೂ ಗುರುತು ಹಿಡಿಯುವುದಿಲ್ಲ. ಉಳಿದ ಆಟಗಾರರು ಯಾವ ಯಾವ ಊರಿನಲ್ಲಿದ್ದಾರೋ.

ಮೊನ್ನೆ ಅಂಗಡಿಗೆ ಬಂದಿದ್ದ ದ್ರಾಕ್ಷಿ ಬೆಳೆಗಾರರೊಬ್ಬರು ಕೇಳಿದರು. "ಅಲ್ರೀ, ನಮ್ಮ ಬಿಜಾಪುರದಾಗ ಒಂದ ಫುಟ್‌ಬಾಲ್ ಕ್ಲಬ್ ಇತ್ತಂತ, ನೀವೂ ಅದ್ರಾಗ ಆಡೀರಂತ, ಖರೇನ್ರಿ?"

"ಖರೇರಿ," ಅಂದೆ. "ನಾನ ಕೀಪರ್ ಇದ್ದೆ. ಭಾಳ ಚಲೋ ಕೀಪರ್ ಇದ್ದೆ."

ಅವರು ನಂಬಿದರು, ತಲೆಯಾಡಿಸಿದರು. ಅದು ಸುಳ್ಳೆಂದು ಹೇಳಬಲ್ಲವನು ಇಡೀ ಜಿಲ್ಲೆಯಲ್ಲಿ ಒಬ್ಬನೇ ಇದ್ದ.