ಗೋಮಾಳದ ಬಿಳಿ ಬಟ್ಟೆ

ಯುದ್ಧದ ಕಾಲದಲ್ಲಿ ನೀವೇನು ಕೆಲಸ ಮಾಡುತ್ತಿದ್ದಿರಿ ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆಕಾಶದಲ್ಲಿ ಹೋಗುವವರ ಜೊತೆ ಬಟ್ಟೆ ಹಾಸಿ ಮಾತಾಡುವ ಕೆಲಸ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಆಗ ನನಗೆ ಮಾತ್ರ ನಗು ಬರಲಿಲ್ಲ.

ನಾನು ರಸ್ತೆ ಮಾಡಿಸುವ ಓವರ್‌ಸಿಯರ್. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯ ಗುಂಡಿ ಮುಚ್ಚಿಸಿಕೊಂಡು, ಜಲ್ಲಿ ಹೊಡೆಯುವವರ ಮೇಲೆ ಕೂಗಾಡಿಕೊಂಡು ಸುಖವಾಗಿದ್ದೆ. ಜಪಾನಿನವರು ಬರ್ಮಾಕ್ಕೆ ಬಂದರೆಂದು ಸುದ್ದಿಯಾದ ಮೇಲೆ, ಆ ದಾರಿಯ ಪಕ್ಕದ ಒಂದು ಗೋಮಾಳವನ್ನೂ ಅದಕ್ಕೆ ಹೊಂದಿಕೊಂಡಿದ್ದ ಕೆಲವು ಹೊಲಗಳನ್ನೂ ಸರ್ಕಾರ ತೆಗೆದುಕೊಂಡಿತು. ರೋಲರ್ ತಂದು ಉದ್ದಕ್ಕೂ ಮಟ್ಟ ಮಾಡಿಸಿದ್ದು ನಾನೇ. ದಾರಿಯಲ್ಲಿ ಕೆಟ್ಟ ವಿಮಾನಗಳು ಇಳಿಯಲು ಒಂದು ಜಾಗ ಬೇಕಂತೆ. ಮಟ್ಟ ಮಾಡಿದವನೇ ನೋಡಿಕೊಳ್ಳಲಿ ಎಂದು ಮೇಲಿನವರು ಅದನ್ನೂ ನನ್ನ ಕೊರಳಿಗೇ ಕಟ್ಟಿದರು.

ವೈರ್‌ಲೆಸ್ ಪೆಟ್ಟಿಗೆ ಕೊಡುತ್ತೇವೆ ಎಂದಿದ್ದರು. ಯುದ್ಧ ಮುಗಿದರೂ ಅದು ಬರಲಿಲ್ಲ. ಬಂದದ್ದು ಎರಡು ಉದ್ದನೆಯ ಬಿಳಿ ಬಟ್ಟೆ, ಒಂದು ಟಾರಿನ ಡ್ರಮ್ಮು. ಬಟ್ಟೆಯನ್ನು ಇಂಗ್ಲಿಷಿನ ಟಿ ಅಕ್ಷರದಂತೆ ನೆಲಕ್ಕೆ ಹಾಸಿದರೆ ಇಳಿಯಬಹುದು ಎಂದು ಅರ್ಥ. ಕತ್ತರಿಯಂತೆ ಒಂದರ ಮೇಲೊಂದು ಹಾಸಿದರೆ ಇಳಿಯಬೇಡ ಎಂದು ಅರ್ಥ. ಡ್ರಮ್ಮಿನಲ್ಲಿ ಹಳೇ ಎಣ್ಣೆ ಸುಟ್ಟು ಹೊಗೆ ಎಬ್ಬಿಸಿದರೆ ಗಾಳಿ ಎತ್ತ ಬೀಸುತ್ತಿದೆ ಎಂದು ಮೇಲಿನವನಿಗೆ ಕಾಣುತ್ತದೆ. ಇಷ್ಟರಲ್ಲೇ ನಮ್ಮ ಸಂಭಾಷಣೆಯೆಲ್ಲ ಮುಗಿಯಬೇಕು. ಡ್ರಮ್ಮಿನ ಉಸ್ತುವಾರಿಗೆ ಮದ್ದೂರಿನ ಒಬ್ಬ ಸಾಬರು ಬರುತ್ತಿದ್ದರು. ಇದ್ದಿಲು ಗ್ಯಾಸಿನ ಬಸ್ಸುಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್ಕು ಅವರು. "ನನ್ನ ಬಸ್ಸೇ ವಾಸಿ ಸ್ವಾಮಿ, ಕೆಟ್ಟು ನಿಂತ್ರೆ ಡ್ರೈವರ್ರು ಕೆಳಗಿಳಿದು ಬೈತಾನೆ. ಈ ಮಾರಾಯ್ರು ಮೇಲಿಂದ್ಲೇ ಬೈದು ಓಯ್ತಾರೆ" ಎನ್ನುತ್ತಿದ್ದರು.

ಬೈದರೂ ನಮಗೆ ತಿಳಿಯುತ್ತಿರಲಿಲ್ಲವಲ್ಲ, ಅದೇ ನನ್ನ ಸಂಕಟ. ಒಬ್ಬ ರೆಕ್ಕೆ ಅಲ್ಲಾಡಿಸಿಕೊಂಡು ಹೋದ. ಅದು ನಮಸ್ಕಾರವೋ, ತಕರಾರೋ, ತಿಳಿಯದೆ ಒಂದು ವಾರ ತಲೆ ಕೆಡಿಸಿಕೊಂಡೆ. ಇನ್ನೊಬ್ಬ ಮೂರು ಸಲ ಸುತ್ತು ಹೊಡೆದು ಒಂದು ಚೀಲ ಎಸೆದ. ಅದು ಹೋಗಿ ಕೆರೆಗೆ ಬಿತ್ತು. ಸಾಬರು ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು ಅದನ್ನು ತಂದರು. ಒದ್ದೆ ಚೀಟಿ ಬಿಡಿಸಿ ನೋಡಿದರೆ, "ಇದು ಮೈಸೂರೇ?" ಎಂದು ಬರೆದಿತ್ತು. ಅಷ್ಟು ಹೊತ್ತಿಗೆ ಅವನು ಎತ್ತಲೋ ಹೋಗಿಯಾಗಿತ್ತು. ಅಲ್ಲಯ್ಯಾ, ಹೌದೋ ಅಲ್ಲವೋ ಎಂದು ನಾನು ಯಾವ ಬಟ್ಟೆ ಹಾಸಿ ಹೇಳಲಿ?

ಇದೆಲ್ಲಕ್ಕಿಂತ ಹೆಚ್ಚು ಮೈ ಉರಿಸಿದ್ದು ಗುಟ್ಟಿನ ವಿಚಾರ. ಬಟ್ಟೆಯ ಅರ್ಥವನ್ನು ಊರಿನ ಯಾರಿಗೂ ಹೇಳಕೂಡದು ಎಂದು ಮೇಲಿನ ಕಚೇರಿಯ ಅಪ್ಪಣೆ. ಶತ್ರುಗಳಿಗೆ ತಿಳಿದುಬಿಡುತ್ತದಂತೆ. ದಿನಾ ಬೆಳಗ್ಗೆ ಆ ಬಯಲಲ್ಲಿ ದನ ಮೇಯಿಸುವವರು ಇವರು, ಅಡ್ಡ ದಾಟುವವರು ಇವರು. ಇವರಿಗಾದರೂ ಹೇಳಲು ಬಿಡಿ ಎಂದು ಕೇಳಿದೆ. ಕೂಡದು ಎಂದರು. ಮತ್ತೆ ಕೇಳಿದೆ. ಹಿಂದೆಯೇ ತಿಳಿಸಿದಂತೆ ಕೂಡದು ಎಂದರು. ಗೋಡೆಗೆ ಹೇಳಿಕೊಂಡಿದ್ದರೆ ಗಂಟಲ ಪಸೆಯಾದರೂ ಉಳಿಯುತ್ತಿತ್ತು. ಊರಿನವರು "ಅದ್ಯಾಕ್ ಸ್ವಾಮಿ ಬಟ್ಟೆ ಆಸ್ತೀರಿ?" ಎಂದು ಕೇಳಿದಾಗಲೆಲ್ಲ "ಸರ್ಕಾರದ ಕೆಲಸ" ಎಂದು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದೆ.

ಹೀಗೇ ಮೂರನೆಯ ವರ್ಷದ ಸುಗ್ಗಿ ಬಂತು. ಮಂಡ್ಯದ ಕಡೆಗೆ ನಾಲೆಯ ನೀರು ಬಂದು ಕಬ್ಬು, ಭತ್ತ ಎಂದು ಜನ ಒಂದಿಷ್ಟು ನೆಟ್ಟಗಾಗಿದ್ದರು. ಈ ಕಡೆ ಮಳೆ ನಂಬಿದ ರಾಗಿ ಹೊಲಗಳೇ. ಗೋಮಾಳದ ಪಕ್ಕದಲ್ಲಿ ಒಬ್ಬ ಗೌಡತಿಯ ಮನೆ ಇತ್ತು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಎಲ್ಲರನ್ನೂ ಆಕೆಯೇ ಆಳುತ್ತಿದ್ದಳು. ಸರ್ಕಾರ ತೆಗೆದುಕೊಂಡ ಹೊಲಗಳಲ್ಲಿ ಆಕೆಯ ಒಳ್ಳೆಯ ಹೊಲವೂ ಹೋಗಿತ್ತು. ಉಳಿದ ಹೊಲದ ಬೆಳೆಯಲ್ಲಿ ಲೆವಿಗೆ ಎಂದು ಸರ್ಕಾರಕ್ಕೆ ಅಳೆದು ಕೊಟ್ಟ ಮೇಲೆ ಮಿಕ್ಕ ರಾಗಿಯಲ್ಲೇ ಆ ಮನೆ ವರ್ಷವಿಡೀ ಮುದ್ದೆ ಕಾಣಬೇಕಿತ್ತು. ಅಂಗಡಿಯಲ್ಲಿ ಕೊಳ್ಳುತ್ತೇನೆ ಎಂದರೂ ಆಗ ರಾಗಿ ಸಿಗುತ್ತಿರಲಿಲ್ಲ.

ಆಕೆಯ ಕಣ ಹೊಲದ ಜೊತೆಗೇ ಹೋಗಿಬಿಟ್ಟಿತ್ತು. ಎರಡು ಸುಗ್ಗಿ ಬೇರೆಯವರ ಕಣದಲ್ಲಿ ಒಕ್ಕಿಕೊಂಡಿದ್ದಳು. ನಾನು ರೋಲರ್ ಹಾಯಿಸಿದ ನೆಲವೋ, ಸೆಗಣಿ ಸಾರಿಸಿಬಿಟ್ಟರೆ ಮೈಸೂರು ಸೀಮೆಯಲ್ಲೇ ಅಂಥ ಕಣ ಇಲ್ಲ ಎನ್ನುವ ಹಾಗಿತ್ತು. ಒಂದು ದಿನ ನೋಡಿದರೆ ಬಯಲಿನ ಒಂದು ತುದಿಯಲ್ಲಿ ತೆನೆ ಹರಡಿ, ಎತ್ತು ಕಟ್ಟಿ, ಕಲ್ಲಿನ ಗುಂಡು ಉರುಳಿಸುತ್ತಿದ್ದಾರೆ!

"ಏಳಿ, ಎತ್ತಿ ಇದನ್ನೆಲ್ಲ! ವಿಮಾನ ಬರುವ ಜಾಗ ಇದು" ಎಂದು ಕೂಗಾಡಿದೆ.

ಗೌಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ನಿಮ್ಮ ಇಮಾನ ದಿನಾ ಬತ್ತದಾ? ನಮ್ಮೊಲ ಕಿತ್ಕಂಡು ಕಣ ಮಾಡ್ಕೊಟ್ಟಿದೀರಿ, ನಾವೇನ್ ನೆತ್ತಿ ಮ್ಯಾಲೆ ಬಡೀಬೇಕಾ ರಾಗಿಯ? ನಾಕು ದಿನ ತಡ್ಕಳಿ, ರಾಸಿ ಮಾಡ್ಕಂಡು ಓಯ್ತೀವಿ."

ಆಕೆ ಹೇಳಿದ್ದು ಸುಳ್ಳಾಗಿರಲಿಲ್ಲ. ವಿಮಾನ ಬರುವುದಿದ್ದರೆ ಮದ್ದೂರಿಗೆ ತಂತಿ ಬರುತ್ತಿತ್ತು, ಅಲ್ಲಿಂದ ನನಗೆ ಹೇಳಿಕಳಿಸುತ್ತಿದ್ದರು. ಅಂಥ ತಂತಿ ಯಾವುದೂ ಬಂದಿರಲಿಲ್ಲ. ಗೊಣಗಿಕೊಂಡು ಸುಮ್ಮನಾದೆ.

ತೂರಿ ಮುಗಿದು ರಾಶಿ ಮಾಡಿದ ದಿನ ಬೆಳಗ್ಗೆ ನಾನೂ ಸಾಬರೂ ಅಲ್ಲೇ ಇದ್ದೆವು. ಡ್ರಮ್ಮಿನ ತಳದ ಜಿಡ್ಡು ಸುಡಲು ಸಾಬರು ಸಣ್ಣಗೆ ಬೆಂಕಿ ಹಾಕಿದ್ದರು. ಕೆಂಪು ರಾಗಿಯ ರಾಶಿ, ಸುತ್ತ ಬೂದಿಯ ಗೆರೆ, ನೆತ್ತಿಯ ಮೇಲೆ ಗರಿಕೆ ಸಿಕ್ಕಿಸಿದ ಸೆಗಣಿಯ ಬೆನಕ. ಗೌಡತಿಯ ಮಕ್ಕಳಿಬ್ಬರೂ ಪೂಜೆ ಮಾಡಿ ಅಳೆಯಲು ಕೂತಿದ್ದರು. ಹೆಂಗಸರು ಪಕ್ಕಕ್ಕೆ ನಿಂತಿದ್ದರು. ಆಗ ಬೆಸಗರಹಳ್ಳಿಯ ಕಡೆಯಿಂದ ಗುಂಯ್ ಎಂದು ಸದ್ದು ಕೇಳಿತು. ತಂತಿ ಇಲ್ಲ, ಸುದ್ದಿ ಇಲ್ಲ, ಒಂದು ಸಣ್ಣ ವಿಮಾನ ಬಂದೇ ಬಂತು.

"ಎದ್ದೇಳಿ! ಎತ್ತು ಹೊಡ್ಕೊಂಡು ಆಚೆ ಹೋಗಿ!" ಎಂದು ಓಡಿದೆ. ಇಬ್ಬರಲ್ಲಿ ಒಬ್ಬನೂ ತಲೆ ಎತ್ತಲಿಲ್ಲ. ಮೊದಲ ಕೊಳಗಕ್ಕೆ 'ಲಾಭ' ಎಂದು ಹೇಳಿ ಶುರು ಮಾಡಿದರೆ, ಅಳತೆ ಮುಗಿಯುವ ತನಕ ಆ ಮನೆಯವರು ಬೇರೆ ಮಾತೇ ಆಡುವುದಿಲ್ಲ. ಆಡಿದರೆ ರಾಶಿ ಕರಗುತ್ತದೆಂದು ಅವರ ನಂಬಿಕೆ. ಹಿರಿಯ ಮಗ ಕೈಸನ್ನೆಯಲ್ಲೇ ನನಗೆ ದೂರ ಹೋಗು ಎಂದ. ನನ್ನ ಕಾಲಲ್ಲಿ ಚಪ್ಪಲಿ ಇದ್ದದ್ದು ಬೇರೆ ಅವನಿಗೆ ಕೋಪ. ಮೇಲಿರುವವನಿಗೂ ನನ್ನ ಮಾತು ಕೇಳದು, ಕೆಳಗಿರುವವರೂ ನನಗೆ ಬಾಯಿ ಬಿಟ್ಟು ಉತ್ತರ ಕೊಡರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಬೇರೆ ದಾರಿಯೇ ಇರಲಿಲ್ಲ. ನಾನೂ ಸಾಬರೂ ಬಯಲಿನ ನಡುವಿಗೆ ಓಡಿ ಬಟ್ಟೆಗಳನ್ನು ಕತ್ತರಿಯಂತೆ ಹಾಸಿ ತುದಿಗಳಿಗೆ ಕಲ್ಲು ಹೇರಿದೆವು. ಇಳಿಯಬೇಡ. ವಿಮಾನ ತಗ್ಗಿ ಬಂತು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿತು, ಮೂತಿ ಮೇಲಕ್ಕೆತ್ತಿ ಮಳವಳ್ಳಿಯ ಕಡೆಗೆ ತಿರುಗಿತು. ಅವನಿಗೆ ಕಾಣಿಸಿತು! ಅರ್ಥವೂ ಆಯಿತು! ಆ ಬಯಲಿಗೆ ಬಂದ ಮೇಲೆ ಮೊದಲ ಸಲ ನನ್ನ 'ಬೇಡ' ಎಂಬ ಮಾತು ಒಬ್ಬ ಪೈಲಟ್ಟಿಗೆ ನೆಟ್ಟಗೆ ಮುಟ್ಟಿತ್ತು. ಸಾಬರ ಬೆನ್ನು ತಟ್ಟಿ ಡ್ರಮ್ಮಿನ ಆಚೆಯ ಹುಣಸೆ ಮರದ ನೆರಳಲ್ಲಿ ಕೂತು ಬೆವರು ಒರೆಸಿಕೊಂಡೆ.

ಮತ್ತೆ ಸದ್ದು ಹತ್ತಿರವಾಯಿತು. ತಿರುಗಿ ನೋಡಿದರೆ ಬಯಲ ನಡುವೆ ಗೌಡತಿಯೂ ಅವಳ ಸೊಸೆಯೂ ಕಲ್ಲು ತೆಗೆದು ಬಟ್ಟೆ ಸುತ್ತಿಕೊಳ್ಳುತ್ತಿದ್ದಾರೆ! ಒಂದು ಬಟ್ಟೆ ಆಗಲೇ ಸೊಸೆಯ ಕಂಕುಳಲ್ಲಿತ್ತು. ಇನ್ನೊಂದನ್ನು ಗೌಡತಿ ಎಳೆದುಕೊಂಡು ಓಡುತ್ತಿದ್ದಳು.

"ಹಾಕಿ! ಅಲ್ಲೇ ಹಾಕಿ!" ಎಂದು ಅರಚಿದೆ. ನನ್ನ ಅರಚಾಟ ಎಂಜಿನ್ನಿನ ಸದ್ದಿನಲ್ಲಿ ಮುಳುಗಿತು. ಹೊರಟಿದ್ದವನು ತಿರುಗಿ ಬಂದು ಬಯಲಿಗೆ ಮುಖ ಮಾಡಿ ಇಳಿದೇಬಿಟ್ಟ. ಚಕ್ರ ನೆಲಕ್ಕೆ ತಾಗಿದ ಮೇಲೆ ಅವನಿಗೆ ಎತ್ತುಗಳೂ ಅಳೆಯುತ್ತ ಕೂತವರೂ ಕಂಡಿರಬೇಕು. ಮಕ್ಕಳಿಬ್ಬರೂ ಕೊಳಗ ಬಿಸಾಕಿ ಬದಿಗೆ ಹಾರಿದರು. ಎತ್ತುಗಳು ಕಣ್ಣಿ ಕಿತ್ತುಕೊಂಡು ಓಡಿದವು. ಅವರನ್ನು ತಪ್ಪಿಸಲು ಅವನು ವಾಲಿಸಿದ ವಿಮಾನ ನೇರವಾಗಿ ರಾಶಿಗೆ ನುಗ್ಗಿ, ಮೂತಿ ಊರಿ, ಬಾಲ ಎತ್ತಿ ನಿಂತಿತು. ಟ್ಯಾಂಕು ಒಡೆದು ಪೆಟ್ರೋಲು ಸುರಿಯತೊಡಗಿತು. ರಾಗಿ ಅದನ್ನು ಕುಡಿಯುತ್ತಲೇ ಹೋಯಿತು.

ಸಾಬರು ಡ್ರಮ್ಮಿನ ಬೆಂಕಿಗೆ ಮಣ್ಣು ಎರಚಿ ಓಡಿ ಬಂದರು. ಪೈಲಟ್ಟನ್ನು ನಾವಿಬ್ಬರೂ ಎಳೆದು ಹಾಕಿದೆವು. ಮೀಸೆ ಸರಿಯಾಗಿ ಬಲಿಯದ ಬಿಳಿಯ ಹುಡುಗ. ತೋಳು ಮುರಿದಿತ್ತು. ಹುಣಸೆ ಮರದ ಕೆಳಗೆ ಕೂರಿಸಿದರೆ ಅವನು ಮೊದಲು ಮಾಡಿದ ಕೆಲಸ ನನ್ನನ್ನು ಬೈದದ್ದು.

"ಕತ್ತರಿ ನೋಡಿ ಹೊರಟಿದ್ದೆನಲ್ಲ! ಎಂಜಿನ್ನು ಕೆಮ್ಮುತ್ತಿದ್ದರೂ ಮೈಸೂರಿನ ತನಕ ಹೇಗೋ ಹೋಗುತ್ತಿದ್ದೆ. ನೀನೇ ಕತ್ತರಿ ತೆಗೆದು ಕರೆದೆ. ನನಗೋಸ್ಕರ ಓಡಿ ಓಡಿ ಜಾಗ ಬಿಡಿಸುತ್ತಿದ್ದಾರೆ, ಎಂಥ ಒಳ್ಳೆಯ ಜನ ಎಂದುಕೊಂಡು ಇಳಿದೆ" ಎಂದು ಇಂಗ್ಲಿಷಿನಲ್ಲಿ ಕೂಗಿದ.

ಅತ್ತ ಗೌಡತಿ ರಾಶಿಯ ಪಕ್ಕ ಕುಸಿದು ಕೂತಿದ್ದಳು. ನಾನು ಆಕೆಯ ಮೇಲೆ ಹರಿಹಾಯ್ದೆ. "ಯಾರು ಮುಟ್ಟು ಅಂದರು ಬಟ್ಟೆಯ? ಯಾಕೆ ತೆಗೆದೆ?"

"ಇನ್ನೇನ್ ಮಾಡ್ಲಿ? ನೀವು ಬಟ್ಟೆ ಆಸ್ದಾಗಲ್ವಾ ಆ ಮುಂಡೇದು ಇಳಿಯಾದು? ಆಸಿದ್ ದಿನ ಇಳೀತದೆ, ಆಸ್ದೆ ಇದ್ ದಿನ ಇಳಿಯಾಕಿಲ್ಲ. ಮೂರ್ ವರ್ಸದಿಂದ ನೋಡಿವ್ನಿ. ರಾಸಿ ಇರೋ ಒತ್ನಲ್ಲಿ ಅದ್ನ ಕರೀತಾವ್ರಲ್ಲಾ ಇವ್ರು ಅಂತ ಎತ್ತುಬುಟ್ಟೆ. ಬರ್ಬಾರ್ದು ಅಂತ್ಲೇ ಎತ್ತಿದ್ದು ಕಣ್ ಸ್ವಾಮಿ!"

ಆಕೆ ನೋಡಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ತಂತಿ ಬಂದಾಗ ನಾನು ಹಾಸುತ್ತಿದ್ದೆ, ಹಾಸಿದ ಮೇಲೆ ವಿಮಾನ ಇಳಿಯುತ್ತಿತ್ತು. ಟಿ ಯಾವುದು, ಕತ್ತರಿ ಯಾವುದು ಎಂದು ಆಕೆಗೆ ಯಾರು ಹೇಳಿದ್ದರು? ಇಳಿಯಬೇಡ ಎಂದು ನಾನು ಹೇಳಿದ್ದೆ, ಇಳಿಯಬೇಡ ಎಂದು ಆಕೆಯೂ ಹೇಳಿದಳು. ನಾವಿಬ್ಬರೂ ಸೇರಿ ಆ ಹುಡುಗನನ್ನು ರಾಶಿಯ ಮೇಲೆ ಇಳಿಸಿದೆವು.

ಮಾರನೆಯ ದಿನ ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದ. ಅವನೂ ಬಿಳಿಯನೇ, ಕನ್ನಡದ ಗಂಧ ಇಲ್ಲ. ಗೌಡತಿ ಮತ್ತು ಸೊಸೆ ಮೊರಗಳಲ್ಲಿ ರಾಗಿ ತುಂಬಿ ಬಿಸಿಲಿಗೆ ಹರಡುತ್ತಿದ್ದರು. ಮೂರು ಸಲ ತೊಳೆದು ಒಣಗಿಸಿದ್ದ ಒಂದು ಹಿಡಿಯನ್ನು ಆಕೆ ನನ್ನ ಮೂಗಿನ ಹತ್ತಿರ ಹಿಡಿದಳು. ಪೆಟ್ರೋಲಿನ ನಾತ ಹಾಗೇ ಇತ್ತು. ಎತ್ತಿಗೆ ಹಾಕಿದರೂ ಮೂಸಿ ಮುಖ ತಿರುಗಿಸುತ್ತಿದೆ ಎಂದಳು.

ನಡೆದದ್ದನ್ನೆಲ್ಲ ಅಧಿಕಾರಿಗೆ ಹೇಳಿದೆ. ಈ ಮನೆಗೆ ವರ್ಷದ ಅನ್ನ ಹೋಗಿದೆ, ಸರ್ಕಾರದ ಉಗ್ರಾಣದಿಂದ ರಾಗಿ ಕೊಡಿಸಿ ಎಂದು ಬೇಡಿಕೊಂಡೆ. ಅವನು ಮುಖ ಬಿಗಿದುಕೊಂಡ. ಯುದ್ಧದ ಕಾಲದಲ್ಲಿ ಗುರುತು ಮುಟ್ಟಿದವರನ್ನು ಜೈಲಿಗೆ ಹಾಕಬಹುದು, ಹೆಂಗಸೆಂದು ಬಿಟ್ಟಿದ್ದೇನೆ, ರಾಗಿಯ ಮಾತೇ ಎತ್ತಬೇಡ ಎಂದ. ಬಟ್ಟೆ ಮೇಲಿನವನಿಗೆ ಮಾಡುವ ಗುರುತು, ಮುಟ್ಟಿದ್ದು ತಪ್ಪಂತೆ, ರಾಗಿ ಕೊಡುವುದಿಲ್ಲವಂತೆ ಎಂದು ಗೌಡತಿಗೆ ಹೇಳಿದೆ.

ಗೌಡತಿ ಅವನ ಮುಖವನ್ನೂ ನನ್ನ ಮುಖವನ್ನೂ ನೋಡಿದಳು. "ಅದು ಬಟ್ಟೆ ಬಾಸೆ ಅಂತ ಒಂದು ಮಾತು ಏಳಿದ್ರೆ ನಾನ್ಯಾಕ್ ಎತ್ತಿದ್ದೆ? ಜಪಾನ್ನೋರ್ಗೆ ಏಳ್ಬ್ಯಾಡಿ, ಸರಿ. ನಮ್ಗೂ ಯಾಕ್ ಏಳ್ನಿಲ್ಲ ಅಂತ ಕೇಳಿ ಅವ್ರ್ನ."

ಕೇಳಿದೆ. ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ಟೋಪಿ ತೆಗೆದು ಹಣೆ ಒರೆಸಿಕೊಂಡು ಹೇಳಿದ: "ಬಟ್ಟೆಗೆ ಅರ್ಥ ಇದೆ ಅನ್ನೋದೇ ಅವಳಿಗೆ ಈಗ ಗೊತ್ತಾಗಿಬಿಟ್ಟಿದೆ, ಅದೇ ದೊಡ್ಡ ಅನಾಹುತ. ಯಾರ ಹತ್ತಿರವೂ ಬಾಯಿ ಬಿಡಕೂಡದು ಅಂತ ಅವಳಿಗೆ ಅವಳ ಭಾಷೆಯಲ್ಲಿ ಗಟ್ಟಿಯಾಗಿ ಹೇಳು."

ನನಗೆ ಅಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. ಕೈ ಆಡಿಸಿದರೆ ಅವನಿಗೆ ಗೊತ್ತಾದೀತೆಂದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮಕ್ಕಳು, ಸೊಸೆಯರು, ಕಣದ ಅಂಚಿನಲ್ಲಿ ನಿಂತಿದ್ದ ಊರಿನವರು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿಯೇ ಹೇಳಿದೆ.

"ಕೇಳವ್ವ. ನೇಗಿಲಿನ ಉದ್ದನೆಯ ಈಚುಮರಕ್ಕೆ ಅಡ್ಡಲಾಗಿ ನೊಗ ಕಟ್ಟಿದ ಹಾಗೆ ಬಟ್ಟೆ ಹಾಸಿದ್ದರೆ ಬಾ ಅಂತ ಅರ್ಥ. ನೊಗ ಇರುವ ಕಡೆಗೆ ವಿಮಾನ ಓಡುತ್ತದೆ, ಆ ದಾರಿಯಲ್ಲಿ ಯಾರೂ ನಿಲ್ಲಬೇಡಿ. ಕತ್ತರಿ ಹಾಕಿದ್ದರೆ ಬರಬೇಡ ಅಂತ ಅರ್ಥ. ಕತ್ತರಿ ತೆಗೆದರೆ ಬಾ ಅಂತ ಕರೆದ ಹಾಗೆ. ಹೊಗೆ ಹಾಕುವುದು ಗಾಳಿ ತೋರಿಸುವುದಕ್ಕೆ. ಮುಗಿಯಿತು, ಇನ್ನೇನೂ ಇಲ್ಲ."

ಅಧಿಕಾರಿ ನನ್ನ ದನಿಯ ಗಡಸಿಗೆ ಮೆಚ್ಚಿ ತಲೆದೂಗುತ್ತಿದ್ದ. ಸಾಬರು ಮುಖ ಆಚೆ ತಿರುಗಿಸಿಕೊಂಡರು.

ಗೌಡತಿ ಕೈಯಲ್ಲಿದ್ದ ರಾಗಿಯನ್ನು ಮೊರಕ್ಕೆ ಸುರಿದು ಕೈ ಒರೆಸಿಕೊಂಡಳು.

"ಇಷ್ಟೇನಾ?" ಎಂದಳು. "ಇಷ್ಟಕ್ಕೆ ನನ್ ರಾಸಿ ಓಯ್ತಾ ಸ್ವಾಮಿ?"

"ಏನು ಹೇಳುತ್ತಿದ್ದಾಳೆ?" ಎಂದು ಅಧಿಕಾರಿ ಕೇಳಿದ.

"ಅವಳಿಗೆ ಅರ್ಥವಾಯಿತಂತೆ" ಎಂದೆ.